ಮೂರನೆಯ ಸುತ್ತಿನ ಖಾಲಿ ಹಾಳೆ

ಗದಗ
ಬಿಡುವು ಮಾಸ, ಮೂವತ್ತೈದನೆಯ ದಿನ, ೨೨೩೪

ಪ್ರೀತಿಯ ಮಂದಾಕಿನಿ ಅಜ್ಜಿಗೆ,

ನಮ್ಮ ಕಾಲದ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಾನು ಶಾರ್ವರಿ, ನಿನ್ನ ಏಳನೆಯ ತಲೆಮಾರಿನವಳು. ನಿನ್ನ ಹಾಗೆಯೇ ಬಾಕ್ಸಿಂಗ್ ವರದಿಗಾರ್ತಿ. ಬಿಸಿಲು ತಡೆಯಲಾರದೆ, ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತು ನಾವು ಮಾಡಿಕೊಂಡ ಹದಿಮೂರನೆಯ ತಿಂಗಳು ಈ ಬಿಡುವು ಮಾಸ. ಹಗಲೆಲ್ಲ ಊರು ಮಲಗಿರುತ್ತದೆ. ಪಂದ್ಯಗಳು ಬೆಳಗಿನ ಐದಕ್ಕೇ ಶುರು.

ನಮ್ಮಲ್ಲಿ ‘ಎದುರೋದು’ ಎಂಬ ಕಟ್ಟಳೆಯಿದೆ. ವರದಿ ಅಚ್ಚಾಗುವ ಮೊದಲು, ಸೆಣಸಿದ ಇಬ್ಬರ ಮುಂದೆಯೂ ಕುಳಿತು ಅದನ್ನು ಗಟ್ಟಿಯಾಗಿ ಓದಬೇಕು. ಹೊಗಳಿಕೆ ಸೇರಿಸಿ ಎಂದು ಅವರು ಕೇಳುವಂತಿಲ್ಲ; ಸುಳ್ಳಿದ್ದರೆ ತಡೆಯಬಹುದು. ಮೂಗು ಊದಿಸಿಕೊಂಡು ಅಂಬಲಿ ಕುಡಿಯುತ್ತಾ ಕೂತವಳಿಗೆ ‘ನಿನ್ನ ಎಡಗೈ ನಿಧಾನ’ ಎಂದು ಓದಿ ಹೇಳುವುದು ಎಷ್ಟು ಕಷ್ಟ ಗೊತ್ತೇನು?

ಮೊನ್ನೆ ನೀಲಗಂಗಾ ಎಂಬ ಹುಡುಗಿ ಗೆದ್ದಳು. ನಾನು ಓದಿ ಮುಗಿಸಿದರೂ ಅವಳ ಮುಖ ಅರಳಲಿಲ್ಲ.

“ಅಕ್ಕಾ, ಎಲ್ಲಾ ಖರೇನ ಬರದೀರಿ. ಆದ್ರ ನಮ್ಮ ದ್ಯಾಮವ್ವಜ್ಜಿ ಅಂಜಿ ಓಡಿದ್ಲು ಅಂತ ನಿಮ್ಮ ಮನಿಯವರ ಬರದಾರಲ್ಲ, ಅದನ್ನ ಆಕಿ ಮುಂದ ಯಾರು ಓದಿದ್ರು? ನಾ ಕಣಕ್ಕ ಇಳದಾಗೆಲ್ಲಾ ಮಂದಿ ಅದನ್ನ ಎತ್ತಿ ಆಡ್ತಾರ.”

ನಿನ್ನ ಕಾಲದಲ್ಲಿ ಸೆಣಸಿದ, ನೀಲಗಂಗಾಳ ಹಿರಿಯಜ್ಜಿ ದ್ಯಾಮವ್ವ ಹಡಪದ ಮೂರನೆಯ ಸುತ್ತಿನಲ್ಲಿ ಹೆದರಿ ಕಣ ಬಿಟ್ಟಳೆಂದು ಬರೆದವಳು ನೀನು. ಹುಬ್ಬು ಒಡೆದು ವೈದ್ಯರೇ ಪಂದ್ಯ ನಿಲ್ಲಿಸಿದರೆಂದು ಅವರ ಮನೆಯವರ ಮಾತು. ಬೇರೆ ಸಾಕ್ಷಿಯಿಲ್ಲ. ನಾಚಿಕೆಯಾಗಿ, ಮನೆಗೆ ಬಂದವಳೇ ನಿನ್ನ ಟಿಪ್ಪಣಿ ಪುಸ್ತಕ ತೆಗೆದೆ. ಎರಡು ಸುತ್ತಿನ ಒಂದೊಂದು ಹೊಡೆತವನ್ನೂ ಬರೆದಿಟ್ಟಿದ್ದೀಯೆ, ಎಷ್ಟು ಚೆಂದದ ಅಕ್ಷರ ನಿನ್ನದು. ಮೂರನೆಯ ಸುತ್ತಿನ ಹಾಳೆ ಖಾಲಿ. ಅದರ ಅಡಿಯಲ್ಲಿ ಹುಬ್ಬಳ್ಳಿಯ ಸಂಜೆ ಬಸ್ಸಿನ ಸಮಯ, ಮತ್ತೆ ‘ಫೋನಿನಲ್ಲಿ ಕೇಳಿದ್ದು: ಹೆದರಿದಳಂತೆ’ ಎಂಬ ಒಂದೇ ಸಾಲು.

ಬೈಯಲು ಬರೆಯುತ್ತಿಲ್ಲ, ಅಜ್ಜಿ. ಅಂದು ಮನೆಯಲ್ಲಿ ಮಗುವಿಗೆ ಜ್ವರವಿತ್ತು ಎಂದು ಬಲ್ಲೆ. ಆ ಮಗು ಬದುಕಿದ್ದರಿಂದ ನಾನಿದ್ದೇನೆ. ನಿನ್ನ ಮೇಲೆ ನನಗೆ ತುಂಬ ಪ್ರೀತಿ.

ಈ ಪತ್ರ ನಿನ್ನ ಕೈ ಸೇರುವಾಗ ಆ ಪಂದ್ಯ ಇನ್ನೂ ನಡೆದಿರುವುದಿಲ್ಲ; ಈ ಭಾನುವಾರ ನೀನು ಅದಕ್ಕೆ ಹೋಗುತ್ತೀಯೆ. ಕೊನೆಯವರೆಗೆ ಕೂತಿರು ಎನ್ನಲಾರೆ. ಬಸ್ಸು ಹತ್ತು, ಹೋಗಿ ಮಗುವನ್ನು ಎತ್ತಿಕೋ. ವರದಿಯಲ್ಲಿ ಮಾತ್ರ ‘ಮೂರನೆಯ ಸುತ್ತನ್ನು ನಾನು ನೋಡಲಿಲ್ಲ’ ಎಂದು ಬರೆ. ಸಂಪಾದಕರು ಗೊಣಗಿದರೆ ಗೊಣಗಲಿ. ಆ ಒಂದು ಸಾಲನ್ನು ನೀಲಗಂಗಾಳ ಎದುರು ಕೂತು ನಾನು ಓದುತ್ತೇನೆ.

ನಿನ್ನವಳೇ,
ಶಾರ್ವರಿ