ಒಬ್ಬರಷ್ಟೇ ಹಿಡಿಸುವ ದಾರಿ

ಮಾರ್ಚ್ ೩, ಸೋಮವಾರ. ಸಂಜೆ ೭.೧೦

ಇಂದು ವರ್ಕ್‌ಶಾಪಿನಲ್ಲಿ ನಲವತ್ತೆರಡು ಕನ್ನಡಕದ ಲೆನ್ಸ್ ಉಜ್ಜಿದೆ. ಎರಡು ಒಡೆದವು. ಬೆಳಿಗ್ಗೆ ಓಡಲು ಹೋಗಿ ಬಸ್‌ಸ್ಟಾಪಿನಿಂದಲೇ ವಾಪಸ್.

ಅಣ್ಣ ಹೋಗಿ ಐದು ತಿಂಗಳು. ಎಡಗಿವಿ ಕೇಳುತ್ತಿರಲಿಲ್ಲ ಅವನಿಗೆ. ನನ್ನ ಮಾತು ಬಲಗಿವಿಗೆ ಬೀಳಲೆಂದು ಹದಿನೆಂಟು ವರ್ಷ ನನ್ನ ಎಡಕ್ಕೇ ಓಡಿದ. ಈಗಲೂ ಎಡಗಡೆ ಒಬ್ಬರಷ್ಟು ಜಾಗ ಬಿಡುತ್ತೇನೆ. ಬಿಟ್ಟದ್ದು ಗೊತ್ತಾದ ಕೂಡಲೇ ಕಾಲು ನಿಲ್ಲುತ್ತದೆ.

ಮಧ್ಯಾಹ್ನ ನಮ್ಮ ಓಟದ ಕ್ಲಬ್ಬಿನ ಕ್ಯಾಪ್ಟನ್ ವರ್ಕ್‌ಶಾಪಿಗೇ ಬಂದಿದ್ದರು. ಏಪ್ರಿಲ್ ಆರಕ್ಕೆ ಅಣ್ಣನ ನೆನಪಿನ ಓಟವಂತೆ. ಅವನ ನಂಬರ್ ಹಾಕಿಕೊಂಡು ನಾನು ಮುಂದಿರಬೇಕಂತೆ.

"ಓಡಬೇಡ ಕಣಮ್ಮ, ನೂರು ಮೀಟರ್ ನಡೆದ್ರೂ ಸಾಕು. ಫೋಟೋಗೆ."

ಹೂಂ ಎಂದೆ. ಯಾಕೆ ಒಪ್ಪಿದೆನೋ.

ಮಾರ್ಚ್ ೯, ಭಾನುವಾರ

ರಸ್ತೆ ತುಂಬ ಕ್ಲಬ್ಬಿನವರು. ಆ ಅಯ್ಯೋ ಪಾಪ ಮುಖಗಳು... ತಪ್ಪಿಸಿಕೊಳ್ಳಲು ನೀರಿನ ಟ್ಯಾಂಕಿನ ಹಿಂದೆ ಗುಡ್ಡದ ಕಾಲುದಾರಿಗೆ ನುಗ್ಗಿದೆ. ಒಂದು ಅಡಿ ಅಗಲ. ಎರಡೂ ಕಡೆ ಮುಳ್ಳುಪೊದೆ.

ರಸ್ತೆಯ ಅಭ್ಯಾಸ — ವೇಗ ಎಷ್ಟೆಂದು ವಾಚ್ ನೋಡಿದೆ. ಬೇರಿಗೆ ಕಾಲು ಸಿಕ್ಕಿ ದಬಕ್ಕನೆ ಬಿದ್ದೆ. ಎರಡೂ ಅಂಗೈ ಸುಲಿದವು.

ಅತ್ತಿಗೆ ಡೆಟಾಲ್ ಹಚ್ಚುತ್ತಾ, "ಈ ಮನೇಲಿ ಒಬ್ಬರು ಹೋಗಿದ್ದು ಸಾಲದಾ ನಿಂಗೆ?" ಎಂದರು.

ಎದ್ದು ಮತ್ತೆ ಓಡಿದ್ದೆ ಎಂದು ಅವರಿಗೆ ಹೇಳಿಲ್ಲ.

ಮಾರ್ಚ್ ೧೦

ಕೈಗೆ ಬ್ಯಾಂಡೇಜ್ ನೋಡಿ ಮಾಲೀಕರು: "ಗಾಜು ಉಜ್ಜು ಅಂದ್ರೆ ನೀನು ಕೈನೇ ಉಜ್ಜಿಕೊಂಡು ಬಂದಿದೀಯಲ್ಲೇ!"

ನಕ್ಕೆ. ಎಷ್ಟು ದಿನವಾಗಿತ್ತು.

ಮಾರ್ಚ್ ೧೬, ಭಾನುವಾರ

ವಾಚ್ ಮನೆಯಲ್ಲೇ ಬಿಟ್ಟು ಹೋದೆ. ಏರಿನಲ್ಲಿ ನಡೆದೆ, ಇಳಿಜಾರಿನಲ್ಲಿ ಓಡಿದೆ. ಮೇಕೆಯವಳೊಬ್ಬಳು ಎದುರಾದಳು.

"ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

"ಇಲ್ಲಮ್ಮ."

"ಹಂಗಾದ್ರೆ ಯಾಕೆ ಓಡ್ತಿದೀಯ?"

ಮೇಕೆಗಳ ನಡುವೆ ನುಸುಳಿ ಓಡಿದೆ.

ಮಾರ್ಚ್ ೩೦, ಭಾನುವಾರ. ಬೆಳಿಗ್ಗೆ ೯

ಎರಡು ವಾರ ಏನೂ ಬರೆದಿಲ್ಲ. ದಿನಾ ಗುಡ್ಡ, ಆಮೇಲೆ ಕೆಲಸ, ಬಂದ ಕೂಡಲೇ ನಿದ್ದೆ.

ಇಂದು ತುದಿ ಮುಟ್ಟಿದೆ. ಉಸಿರು ಕಿತ್ತು ಬರುತ್ತಿತ್ತು. ಆಗ ಹೊಳೆಯಿತು — ಇಷ್ಟು ದಿನ ಎಡಗಡೆ ಜಾಗ ಬಿಟ್ಟೇ ಇಲ್ಲ. ಬಿಡಲು ಜಾಗವೆಲ್ಲಿದೆ? ಈ ದಾರಿಯಲ್ಲಿ ಅವನು ಬದುಕಿದ್ದರೂ ಪಕ್ಕದಲ್ಲಿ ಓಡಲಾಗುತ್ತಿರಲಿಲ್ಲ. ಹಿಂದೆ ಬರಬೇಕಿತ್ತು. ಗೊಣಗುತ್ತಾ.

ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ಎದೆ ನೋವನ್ನು ಗ್ಯಾಸ್ ಎಂದು ಮೂರು ದಿನ ಮುಚ್ಚಿಟ್ಟವನು. ಬಂಡೆಯ ಮೇಲೆ ನಿಂತು ಬೈದೆ, ಗಟ್ಟಿಯಾಗಿ, ಬಾಯಿಗೆ ಬಂದ ಹಾಗೆ. ಆಮೇಲೆ ಕೆಳಗೆ ಓಡಿದೆ. ಕಾಲು ಹಗುರವಾಗಿತ್ತು. ಅದಕ್ಕೆ ನಾಚಿಕೆ ಪಡುವುದಿಲ್ಲ.

ಏಪ್ರಿಲ್ ೪, ಶುಕ್ರವಾರ. ರಾತ್ರಿ ೮

ಕ್ಯಾಪ್ಟನ್ ಟೀಶರ್ಟ್ ತಂದರು. ಎದೆಯ ಮೇಲೆ ಅಣ್ಣನ ಫೋಟೋ.

"ನಾನು ಬರಲ್ಲ ಸರ್."

"ಒಪ್ಪಿಕೊಂಡಿದ್ದೆಯಲ್ಲಮ್ಮ!"

"ತಪ್ಪಾಯ್ತು. ನೂರು ಮೀಟರ್ ನಡೆಯೋಕೆ ನನ್ನಿಂದ ಆಗಲ್ಲ. ನಾನು ಓಡೋಳು."

"ಜನ ಕೇಳಿದ್ರೆ ಏನು ಹೇಳ್ಲಿ? ಸ್ವಂತ ತಂಗೀನೇ ಇಲ್ಲ ಅಂದ್ರೆ..."

"ಓಡೋಕೆ ಹೋಗಿದಾಳೆ ಅಂತ ಹೇಳಿ."

ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ಅಡುಗೆಮನೆ ಬಾಗಿಲಿನಿಂದ ಅತ್ತಿಗೆ: "ಶರ್ಟ್ ಇಲ್ಲಿಟ್ಟು ಹೋಗಿ. ನಾನು ಹಾಕ್ಕೊಂಡು ನಡೀತೀನಿ. ನನಗೆ ಎಲ್ಲರ ಮುಂದೆ ಅಳಬೇಕು. ಅವಳನ್ನ ಬಿಟ್ಬಿಡಿ."

ಕ್ಯಾಪ್ಟನ್ ಹೋದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತಿಗೆ ತಟ್ಟೆ ಹಾಕಿದರು. ಉಂಡೆವು.

ಏಪ್ರಿಲ್ ೫, ಶನಿವಾರ. ಸಂಜೆ ೬.೩೦

ಅತ್ತಿಗೆ ಶರ್ಟಿನ ತೋಳು ಚಿಕ್ಕದು ಮಾಡುತ್ತಿದ್ದಾರೆ. ನಾನು ನೀರಿನ ಬಾಟಲಿ ತೊಳೆದಿಟ್ಟೆ. ತುದಿಯವರೆಗಷ್ಟೇ ಅಲ್ಲ, ಈ ಸಲ ಗುಡ್ಡದ ಆಚೆ ಊರಿನವರೆಗೆ. ಹನ್ನೊಂದು ಕಿಲೋಮೀಟರ್.

ನಾಳೆ ಭಾನುವಾರ. ಆ ಕಡೆಯಿಂದ ಬಸ್ಸಿಲ್ಲ. ವಾಪಸ್ಸೂ ಓಡಿಯೇ ಬರುತ್ತೇನೆ.