ಪುಟ ೨೧೪ರ ಮಾಣಿ

೧೮ ಅಕ್ಟೋಬರ್ ೧೯೯೦, ಗುರುವಾರ. ಮೈದಾನ್ ಹವಲ್ಲಿ.

ಆ ಇತಿಹಾಸಕಾರನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬ್ರಿಟಿಷರ ಯುದ್ಧಕಾಲದ ಬೇಹುಗಾರಿಕೆಯ ಬಗ್ಗೆ ಅವನು ಬರೆದ ಮೂರು ದಪ್ಪ ಪುಸ್ತಕಗಳು ನಮ್ಮ ಮ್ಯಾನೇಜರ್ ಪೆಂಬರ್ಟನ್ ಸಾಹೇಬರವು. ಈ ದೇಶ ಹಿಡಿದು ಇಂಗ್ಲಿಷಿನವರನ್ನು ಹುಡುಕುತ್ತಿರುವ ಇರಾಕಿ ಸೈನಿಕರ ಕಣ್ಣು ತಪ್ಪಿಸಿ ಸಾಹೇಬರು ಎರಡು ತಿಂಗಳಿಂದ ನಮ್ಮ ಮೇಲಿನ ಫ್ಲಾಟಿನಲ್ಲಿ ಅಡಗಿದ್ದಾರೆ. ಊಟ ಒಯ್ಯುವವನು ನಾನು. ಈಗ ಅವರ ಚೀಟಿಗಳನ್ನೂ ಒಯ್ಯಬೇಕಂತೆ, ಸಾಲ್ಮಿಯಾದಲ್ಲಿ ಅಡಗಿರುವ ಇನ್ನೊಬ್ಬ ಇಂಗ್ಲಿಷಿನವನಿಗೆ. ಚೀಟಿಯಲ್ಲಿರುವುದು ಕಿಟಕಿಯಿಂದ ಎಣಿಸಿದ ಟ್ಯಾಂಕುಗಳ ಲೆಕ್ಕ. ಧೈರ್ಯ ಬರಲೆಂದು ನನಗೆ ಈ ಪುಸ್ತಕಗಳನ್ನು ಕೊಟ್ಟರು!

"ಚೆಕ್‌ಪೋಸ್ಟಲ್ಲಿ ಇಂಡಿಯಾದವರನ್ನು ಬಿಡ್ತಾರೆ ಅಂತ ನಿನ್ನನ್ನು ಕಳಿಸುದಾ? ಸಿಕ್ಕಿದ್ರೆ ಖಲಾಸ್ ಮಾರಾಯ," ಎಂದ ರೂಮಿನ ಜೋಸ್ವಿನ್.

ಪುಟ ೨೧೪. ಜಪಾನೀಯರು ಹಿಡಿದಿದ್ದ ಬಂದರೊಂದರ ಹೋಟೆಲಿನಿಂದ ಎರಡು ವರ್ಷ ಗುಟ್ಟಿನ ಕಾಗದ ದಾಟಿಸಿದವನಿಗೆ ಸಿಕ್ಕಿದ್ದು ಒಂದೇ ಸಾಲು: "ಒಬ್ಬ ಭಾರತೀಯ ಮಾಣಿ ಸಿಕ್ಕಿಬಿದ್ದ, ಅದೃಷ್ಟವಶಾತ್ ಹಾನಿಯೇನೂ ಆಗಲಿಲ್ಲ." ಅದೇ ಪುಟದಲ್ಲಿ ಕರ್ನಲನ ನಾಯಿಗೂ ಹೆಸರಿದೆ.

ಸಂಜೆ ಅನ್ನ ಸಾರಿನ ಜೊತೆ ಆ ಪುಟವನ್ನೂ ತೆರೆದು ಸಾಹೇಬರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಅವನು ಬರೀ ಕಾಗದ ಒಯ್ಯುವವನಲ್ಲವೇ, ಪುರು?" ಎಂದರು. ಒಂಬತ್ತು ವರ್ಷವಾದರೂ ಈ ಮನುಷ್ಯನ ಬಾಯಲ್ಲಿ ಪುರಂದರ ಎಂಬ ಹೆಸರು ಪೂರ್ತಿ ಬಂದಿಲ್ಲ. ಆಮೇಲೆ ಇವತ್ತಿನ ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮಡಚಿದರು.

ಕೆಳಗೆ ಬಂದವನೇ ಅದನ್ನು ಒಲೆಗೆ ಹಿಡಿದೆ. ನಾಳೆ ಕೇಳಿದರೆ ತಲುಪಿತು ಎನ್ನುತ್ತೇನೆ. ಅದೃಷ್ಟವಶಾತ್, ಹಾನಿಯೇನೂ ಆಗಲಿಲ್ಲ.