ಗೈರುಹಾಜರಿಯ ಪರೀಕ್ಷೆ

೫ ಜೂನ್ ೧೯೫೦, ಸೋಮವಾರ, ಬೆಳಿಗ್ಗೆ
ದೇವರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ನಾನು ಕಳ್ಳ. ಕಾಲೇಜಿನ ಸೀಮೆಸುಣ್ಣ ಒಂದು ಹಿಡಿ, ಕೋಟಿನ ಜೇಬಿನಲ್ಲಿ ಸಾಗಿಸಿದೆ. ಸೀಮೆಸುಣ್ಣ ಸೀಮೆ ದಾಟಿ ಇಂದು ಕುರುಗೋಡು ಸೇರುತ್ತದೆ — ಹೆಂಡತಿ ಸುವರ್ಣಳ ತವರಿಗೆ, ಅವಳ ಸೋಮವಾರದ ಕೂಟಕ್ಕೆ. ಗುಡಿಯ ಪೌಳಿಯಲ್ಲಿ ಹೆಂಗಸರು ಶೇಂಗಾ ಸುಲಿಯುತ್ತಾರೆ. ಇವಳು ಪತ್ರಿಕೆ ಓದಿ ಹೇಳುತ್ತಾಳೆ, ಅಕ್ಷರ ಬರೆಸುತ್ತಾಳೆ.
ಕೋಟು ನೋಡಿದಳು. "ಕಳ್ಳತನಾನೂ ನೆಟ್ಟಗ ಬರಂಗಿಲ್ಲ ನಿಮಗ. ಮೈತುಂಬ ಸುಣ್ಣ! ಎಂ.ಎ. ಯಾರು ಕೊಟ್ರು?"
ಬಸ್ಸಿಗೆ ಹೋದಳು. ಅನ್ನ ಸೀದಿದೆ. ಅದೂ ನನ್ನದೇ ಕೈವಾಡ.

೧೮ ಜೂನ್
ಯೂನಿವರ್ಸಿಟಿಯ ಕಮಿಟಿಯವರು ಒಂದು ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಬಿ.ಎ. ಆದವರಿಗೆ ಹೊಸ ಸ್ನಾತಕೋತ್ತರ ಪದವಿ — ಊರೂರಿನಲ್ಲಿ ವಯಸ್ಕರ ಕಲಿಕೆ ನಡೆಸುವ ಮುಂದಾಳುಗಳಿಗೆ. ಕರಡು ನನ್ನದು. ಮನಶ್ಶಾಸ್ತ್ರ, ಆರೋಗ್ಯ, ಸಹಕಾರ... ಎಂಟು ನಿಯಮ ಸರಾಗ. ಪರೀಕ್ಷೆ ಹೇಗೆ ಎಂಬಲ್ಲಿ ಪೆನ್ನು ನಿಂತಿತು.
ಸುವರ್ಣ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. "ಅದ್ಕ್ಯಾಕ ತಲಿ ಕೆರ್ಕೊಂತೀರಿ? ಮುಂದಾಳು ಊರು ಬಿಟ್ಟ ಮ್ಯಾಲ ಹೋಗಿ ನೋಡ್ರಿ. ಮಂದಿ ತಾವಾ ಕೂಡಿದ್ರ ಪಾಸು. ಇಲ್ಲಾಂದ್ರ ನಪಾಸು."
"ಅಂದ್ರ ಪರೀಕ್ಷಿ ದಿನ ಅವನು ಇರಾಕಾ ಬಾರದು? ನನ್ನ ಕ್ಲಾಸಿನ ಹುಡುಗ್ರು ಅದರಾಗ ಆಗ್ಲೇ ಪಂಡಿತ್ರು!"
ನಕ್ಕಳು. ಅವಳು ಹೇಳಿದ್ದನ್ನೇ ಒಂಬತ್ತನೆಯ ನಿಯಮವಾಗಿ ಬರೆದೆ.

೮ ಜುಲೈ
ಕಮಿಟಿ. ಅಧ್ಯಕ್ಷ ಜಂಬಣ್ಣನವರು ಕನ್ನಡಕ ತೆಗೆದರು. "ಗೈರುಹಾಜರಾದವನಿಗೆ ಅಂಕ ಕೊಡೋದಾ? ಯಾವ ಯೂನಿವರ್ಸಿಟ್ಯಾಗ ಐತ್ರಿ ಇದು?"
ಸವಾಲು ಹಾಕಿಬಂದೆ: ಸುವರ್ಣ ಮೂರು ತಿಂಗಳು ಕುರುಗೋಡಿಗೆ ಹೋಗುವುದಿಲ್ಲ. ಆಮೇಲೂ ಕೂಟ ನಡೆದಿದ್ದರೆ ನಿಯಮ ಉಳಿಯಬೇಕು. ನಿಂತಿದ್ದರೆ ನಾನೇ ಹೊಡೆದುಹಾಕುತ್ತೇನೆ.
ಅವಳು ಒಪ್ಪಿದಳು. ಸ್ವಲ್ಪ ಜ್ವರ ಬೇರೆ. ವಿಶ್ರಾಂತಿಯಾದರೂ ಸಿಕ್ಕೀತು.

೧೭ ಜುಲೈ
ಟೈಫಾಯಿಡ್ ಅಂದರು ಡಾಕ್ಟರು. ಗಂಜಿಯೂ ನಿಲ್ಲುತ್ತಿಲ್ಲ.
"ಇವತ್ತು ಸೋಮವಾರ ಅಲ್ಲೇನ್ರಿ? ಕೂಡಿರ್ತಾರ?"
"ಕೂಡಿರ್ತಾರ."

೯ ಅಕ್ಟೋಬರ್
ಸುವರ್ಣ ಆಗಸ್ಟಿನಲ್ಲಿ ತೀರಿಹೋದಳು. ಬರೆದಾಯಿತು.
ಜಂಬಣ್ಣನವರು ಮನೆಗೆ ಬಂದು, ಕುರುಗೋಡಿಗೆ ಬೇರೆ ಯಾರನ್ನಾದರೂ ಕಳಿಸೋಣ ಎಂದರು. ಬೇಡ ಎಂದೆ. ನಾನು ಊರನ್ನೇ ನಗಿಸುವವನು. ಕಣ್ಣು ಒದ್ದೆ ಮಾಡಿಕೊಳ್ಳದೆ ನೋಡಿಬಂದು, ಕಂಡದ್ದನ್ನು ಕಂಡಂತೆ ಹೇಳುತ್ತೇನೆ ಎಂದೆ.

೧೬ ಅಕ್ಟೋಬರ್, ಸೋಮವಾರ
ಕುರುಗೋಡಿನಲ್ಲಿ ಬಸ್ಸು ನಿಂತಿತು. ನಾನು ಏಳಲಿಲ್ಲ. ಸಿರುಗುಪ್ಪದವರೆಗೆ ಹೋದೆ.
"ಕುರುಗೋಡು ಅಂದಿದ್ರಲ್ರೀ?" ಕಂಡಕ್ಟರ್.
"ನಿದ್ದಿ ಹತ್ತಿತ್ತಪ."
ಸಿರುಗುಪ್ಪದಲ್ಲಿ ಚಹಾ. ವಾಪಸು. ತನಿಖಾಧಿಕಾರಿಗೆ ಪ್ರವಾಸಭಾಗ್ಯ.

೨೩ ಅಕ್ಟೋಬರ್, ಸೋಮವಾರ
ಇಳಿದೆ. ಪೌಳಿಯ ಹೊರಗೇ ನಿಂತೆ. ಒಳಗೆ ನಗು. ಉಚ್ಚೆಂಗೆಮ್ಮ — ಸುವರ್ಣಳ ಸೋದರತ್ತೆ — ಪತ್ರಿಕೆಯನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಾಳೆ. ಸುವರ್ಣ ಒರಗಿ ಕೂರುತ್ತಿದ್ದ ಕಂಬಕ್ಕೇ ಒರಗಿ.
"ಅಳಿಯಾರ! ಹೊರಗ್ಯಾಕ ನಿಂತೀರಿ, ಹೆಣ್ಣು ನೋಡಾಕ ಬಂದಂಗ? ಬರ್ರಿ, ಶೇಂಗಾ ಸುಲೀರಿ."
ಎಲ್ಲರೂ ನಕ್ಕರು. ಉಚ್ಚೆಂಗೆಮ್ಮ ಪತ್ರಿಕೆ ಮಡಿಚಿಟ್ಟಳು.
"ಆಕಿ ತೀರ್ಕೊಂಡ ವಾರನೂ ಕೂಡಿದ್ವಿ" ಎಂದಳು ಮೆಲ್ಲಗೆ. "ಮೊದಲು ಅತ್ವಿ. ಆಮ್ಯಾಲ ಓದಿದ್ವಿ. ಸೀಮೆಸುಣ್ಣ ಮುಗದೈತ್ರಿ, ಮುಂದಿನ ವಾರ ತರ್ರಿ."
ಸುಲಿದೆ. ಸುವರ್ಣ ಪಾಸು. ಮೊದಲ ದರ್ಜೆ.

೨೫ ಅಕ್ಟೋಬರ್
ಕಮಿಟಿ. ಭಾಷಣ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.
"ಏನಾತ್ರಿ ಕುರುಗೋಡಿಂದು?" ಜಂಬಣ್ಣನವರು ಬಹಳ ಮೆತ್ತಗೆ ಕೇಳಿದರು.
"ಕೂಟ ನಿಂತೈತ್ರಿ" ಎಂದೆ.
ಒಂಬತ್ತನೆಯದಕ್ಕೆ ನನ್ನ ಕೈಯಿಂದಲೇ ಗೆರೆ ಎಳೆದೆ. ಅವಳ ನಿಯಮಕ್ಕೆ.
ಕಂಡದ್ದನ್ನು ಕಂಡಂತೆ ಹೇಳುವವನಂತೆ... ನಿಂತುಹೋಗಿರಲಿ ಎಂದು ಬಯಸಿದ್ದೆ. ಎರಡು ಸಲವೂ, ಬಸ್ಸಿನಲ್ಲಿ ಕೂತಷ್ಟು ಹೊತ್ತೂ, ಅದನ್ನೇ ಬೇಡಿಕೊಂಡಿದ್ದೆ. ಅವಳಿಲ್ಲದೆ ಎಲ್ಲವೂ ನಡೆಯುತ್ತದೆ, ನಪಾಸಾದವನು ನಾನೊಬ್ಬನೇ ಎಂಬುದನ್ನು ಕಮಿಟಿಯ ಎದುರಿಗೆ ಹೇಗೆ —